ಹೆಸರು ಹಾಕಿದರೆ ಸಾಕು

ಅಂಬ್ರಪ್ಪ ಮೊದಲು ನಕ್ಕುಬಿಟ್ಟಿದ್ದ. ಸಣ್ಣ ನಗೆಯೂ ಅಲ್ಲ, ಬಾಯಲ್ಲಿದ್ದ ಚಹಾ ಮೂಗಿಗೇರಿ ಕೆಮ್ಮು ಬರುವಷ್ಟು. ಶಹಾಪುರದ ಬಸ್ ನಿಲ್ದಾಣದ ಎದುರು ಜಲಾಲುದ್ದೀನನ ಹೋಟೆಲಿನಲ್ಲಿ, ದಿನಾ ಕೂಡುವ ಬೆಂಚಿನ ಮೇಲೆ ಕೂತಿದ್ದ. ಜಲಾಲುದ್ದೀನ ಒಂದು ಕೈಯಲ್ಲಿ ಚಹಾ ಸೋಸುತ್ತ ಇನ್ನೊಂದು ಕೈಯಲ್ಲಿ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದು, "ಅಣ್ಣಾ, ಇದೊಂದು ನೋಡು. ಮುಂಜಾನಿಂದ ನಕ್ಕು ನಕ್ಕು ಪಕ್ಕಡಿ ನೋಯಾಕತ್ಯಾವ" ಎಂದಿದ್ದ. ದಪ್ಪ ಮೀಸೆಯ ಗಂಡಸೊಬ್ಬ ಹೆಂಡತಿಯ ಸೀರೆಯನ್ನು ತಲೆಯ ಮೇಲೆ ಹೊದ್ದು, ಖಾಲಿ ಗ್ಯಾಸ್ ಸಿಲಿಂಡರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ನೆತ್ತಿ ಸವರುತ್ತ ಅಳುತ್ತಿದ್ದ. ಬಾಯಿ ಅವನದು, ದನಿ ಯಾರೋ ಹೆಂಗಸಿನದು. ಉಣ್ಣಾಕ ಕುಂತಾಂವ ಎದ್ದು ಹೋದೆಲ್ಲೋ ನನ್ನಪ್ಪಾ, ಬಡಿಸಿದ ರೊಟ್ಟಿ ಆರಿ ಹೋತಲ್ಲೋ. ರೊಟ್ಟಿ ಎನ್ನುವಲ್ಲಿ ಆ ಗಂಡಸು ಸಿಲಿಂಡರಿನ ಮೂತಿಗೆ ಮುತ್ತು ಕೊಟ್ಟ. ಅಲ್ಲಿಯೇ ಅಂಬ್ರಪ್ಪನಿಗೆ ನಗೆ ಒಡೆದದ್ದು. ಹಿಂದಿನ ವಾರವಷ್ಟೇ ಅವನ ಮನೆಯಲ್ಲೂ ಸಿಲಿಂಡರು ಅರ್ಧ ಅಡುಗೆಯಲ್ಲಿ ಖಾಲಿಯಾಗಿ ಹೆಂಡತಿ ಹೀಗೇ ಹಣೆ ಬಡಿದುಕೊಂಡಿದ್ದಳು. ರೀಲು ಮುಗಿದು ತಾನಾಗಿಯೇ ಮತ್ತೆ ಸುರುವಾಯಿತು. ಈ ಸಲ 'ನನ್ನಪ್ಪಾ' ಎಂಬಲ್ಲಿ ದನಿ ಸೀಳಿ ಮೇಲಕ್ಕೇರಿ, ಅಲ್ಲಿಯೇ ಒಂದು ಗಳಿಗೆ ನಿಂತು ನಡುಗಿದ್ದು ಕಿವಿಗೆ ಬಿತ್ತು. ಆ ಏರು ಅವನ ಅವ್ವನದು. ಅವ್ವ ಮಣ್ಣಾದ ಮೇಲೆ ಅದು ಉಳಿದದ್ದು ಒಬ್ಬಳ ಗಂಟಲಲ್ಲಿ ಮಾತ್ರ, ಬೋನಾಳದಲ್ಲಿರುವ ಅವನ ತಂಗಿ ಮರಿಲಿಂಗಮ್ಮನ ಗಂಟಲಲ್ಲಿ. ಅವನ ಮುಖ ಇನ್ನೂ ನಗುತ್ತಲೇ ಇತ್ತು. ಅದನ್ನು ಇಳಿಸಲು ಬರಲಿಲ್ಲ. ಗದ್ದಕ್ಕೆ ಕೈ ಹಚ್ಚಿ ತಿಕ್ಕಿ ತಿಕ್ಕಿ ಇಳಿಸಿದ.

"ಇದೊಂದ ಅಲ್ಲಣ್ಣಾ," ಜಲಾಲುದ್ದೀನ ಹುರುಪಿನಿಂದ ಬೆರಳು ಆಡಿಸಿದ. "ಪರೀಕ್ಷಾ ಫೇಲಾದ ಹುಡುಗುಂದು ಒಂದು ಅದ, ಮೊಬೈಲ್ ನೀರಾಗ ಬಿದ್ದದ್ದು ಒಂದು ಅದ. ಎಲ್ಲಾದಕ್ಕೂ ಇದ ಅಳು. ಯಾವ ಪುಣ್ಯಾತ್ಗಿತ್ತಿ ಅತ್ತಾಳೋ ಏನೋ, ಖರೇ ಹೆಣದ ಮುಂದ ಅತ್ತಂಗ ಅತ್ತಾಳ."

ಅಂಬ್ರಪ್ಪ ಮೊಬೈಲು ಕಸಿದುಕೊಂಡ. ಸಿಲಿಂಡರಿನ ಕೆಳಗೆ ಸಣ್ಣ ಅಕ್ಷರಗಳಿದ್ದವು. ದನಿ: ಮರಿಲಿಂಗಮ್ಮ, ಬೋನಾಳ. ಕೃಪೆ: ಬೀಸುಕಲ್ಲು ಬಳಗ, ಶಹಾಪುರ.

"ಅರೆ, ನಿಮ್ಮ ಬಳಗ ಅಲ್ಲೇನಣ್ಣಾ ಇದು?" ಜಲಾಲುದ್ದೀನ ಹೆಗಲ ಮೇಲಿಂದ ಬಗ್ಗಿ ಓದಿದ. "ಮಸ್ತ್ ಆತು ಬಿಡು! ಇಷ್ಟು ವರ್ಷ ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಸಿದ್ರಿ, ಯಾರೂ ಹೊಳ್ಳಿ ನೋಡಿರಲಿಲ್ಲ. ಈಗ ನೋಡು, ದೇಶಾನ ನೋಡಾಕತ್ತದ."

"ಬಾಯಿ ಮುಚ್ಚಲೇ."

"ಯಾಕಣ್ಣಾ? ನಾ ಏನಂದೆ?"

ಏನೂ ಅಂದಿರಲಿಲ್ಲ. ಆ ಹೆಂಗಸು ಯಾರೆಂದು ಅವನಿಗೇನು ಗೊತ್ತು? ಬಸಿಯಲ್ಲಿ ಉಳಿದ ಚಹಾ ಹಾಗೇ ಬಿಟ್ಟು ಅಂಬ್ರಪ್ಪ ರಸ್ತೆಗಿಳಿದ. ಹಿಂದೆ ಜಲಾಲುದ್ದೀನ ಯಾರಿಗೋ "ಈ ಮನುಷ್ಯಾನ ತಲಿ ಎಲ್ಲಿ ಬಿಸಿ ಆಗ್ತದೋ, ಎಲ್ಲಿ ಆರತದೋ" ಎನ್ನುವುದು ಕೇಳಿಸಿತು. ಹೊಳ್ಳಿ ಹೋಗಿ ಅವನ ಕೆನ್ನೆಗೆ ಎರಡು ಹಾಕಬೇಕೆನಿಸಿತು. ಆದರೆ ಅವನೊಬ್ಬನೇ ನಕ್ಕಿರಲಿಲ್ಲವಲ್ಲ. ಬಿಸಿಲು ಆಗಲೇ ಹಣೆಗೆ ಬಡಿಯುತ್ತಿತ್ತು. ಊರ ಮಗ್ಗುಲಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಲ್ಲುಗಳು ಕಾದು ಬಿಳುಚಿದ್ದವು. ಈ ಅಳುವನ್ನು ಸುಮ್ಮನೆ ಬಾಯಿಗೆ ತರಬಾರದು. ತಂಗಿ ಇನ್ನೂ ಚಿಕ್ಕವಳಿದ್ದಾಗ, ಓಣಿಯಲ್ಲಿ ಯಾರೋ ಸತ್ತಲ್ಲಿ ಹೆಂಗಸರು ಹೆಣದ ಸುತ್ತ ಕೂತು ಹಾಡ್ಯಾಡಿ ಅಳುವುದನ್ನು ಕೇಳಿ ಬಂದು, ಮರುದಿನ ಬೀಸುವ ಕಲ್ಲಿನ ಮುಂದೆ ಅದೇ ಧಾಟಿಯನ್ನು ಗುನುಗಿದ್ದಳು. ಅವ್ವ ಹಿಟ್ಟಿನ ಕೈಯಲ್ಲೇ ಅವಳ ಬಾಯಿಯ ಮೇಲೆ ಬಡಿದಿದ್ದಳು. "ಯಾರು ಸತ್ತಾರಂತ ಹಾಡ್ತೀ? ನನ್ನ ಕೊಲ್ತೀಯೇನು?" ತುಟಿಯ ಮೇಲೆ ಬಿಳಿ ಹಿಟ್ಟು, ಅದರೊಳಗಿಂದ ಸಣ್ಣಗೆ ರಕ್ತ. ಸತ್ತವರ ಮುಂದೆ ಮಾತ್ರ ಆ ಧಾಟಿ. ಬದುಕಿದವರ ಮನೆಯಲ್ಲಿ ಅದನ್ನು ಎತ್ತಿದರೆ ಸಾವನ್ನು ಹೆಸರು ಹಿಡಿದು ಕರೆದಂತೆ. ಬೀಸುಕಲ್ಲು ಬಳಗದವರು ಯಾದಗಿರಿಯಿಂದ ಸುರಪುರದವರೆಗೆ ಸೋಬಾನೆ, ಬೀಸುವ ಹಾಡು, ತೊಟ್ಟಿಲ ಹಾಡು ಎಲ್ಲವನ್ನೂ ಕೂಡಿಸಿದ್ದರು. ಈ ಒಂದನ್ನು ಮಾತ್ರ ಯಾವ ಊರಿನಲ್ಲೂ ಯಾವ ಮುದುಕಿಯೂ ದನಿ ಹಿಡಿಯುವ ಮಿಷನ್ನಿನ ಮುಂದೆ ಹಾಡಿರಲಿಲ್ಲ. "ಹಾಡ್ತೀನೇಳು, ಮೊದಲ ನೀ ಸತ್ತು ಮಲಕೋ" ಎಂದಿದ್ದಳು ಒಬ್ಬಳು, ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಆದರೆ ಅದು ಬೇಕೆಂಬ ಹಸಿವು ಒಳಗೆ ಉಳಿದಿತ್ತು.

ಬಳಗದ ಕಚೇರಿ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗ ಯೂರಿಯಾದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಳಗೆ ಕಂಪ್ಯೂಟರಿನ ಮುಂದೆ ನುಜ್ಹತ ಇದ್ದಳು. ಬಳಗದ ಹಾಡು, ಫೋಟೋ, ವಿಡಿಯೋಗಳನ್ನೆಲ್ಲ ಜೋಡಿಸಿಡುವ ಕೆಲಸ ಅವಳದು, ಬಿ.ಕಾಂ. ಓದಿದವಳು, ಮಾತು ಕಡಿಮೆ. ಅಂಬ್ರಪ್ಪ ಬಳಗದ ಅಧ್ಯಕ್ಷ. ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿ. ಸಾಕ್ಷರತಾ ಜಾಥಾದಲ್ಲಿ ಊರೂರು ಹಾಡಿ ಗಂಟಲು ಗಟ್ಟಿ ಮಾಡಿಕೊಂಡವನು. ಬಾಗಿಲಲ್ಲೇ ನಿಂತು ಕೂಗಿದ.

"ಅದನ್ನ ತೆಗಿ."

ನುಜ್ಹತ ತಿರುಗಿ ನೋಡಿದಳು. ಯಾವುದನ್ನು ಎಂದು ಕೇಳಲಿಲ್ಲ. ಅವಳಿಗೆ ಗೊತ್ತಿದೆ ಎಂಬುದು ಆ ಕೇಳದಿರುವುದರಲ್ಲೇ ಅವನಿಗೆ ತಿಳಿಯಿತು.

"ಯಾವಾಗ ನೋಡಿದಿ ನೀ?"

"ನಿನ್ನೆ ಸಂಜಿಕ ರೀ ಕಾಕಾ. ನಿಮಗ ಹೆಂಗ ಹೇಳಬೇಕಂತ..."

"ಹೆಂಗ ಹೇಳಬೇಕಂತ! ಬಾಯಿಲೆ ಹೇಳಬೇಕು. ಫೋನ್ ಇಲ್ಲೇನು ನಿನ್ನಂತ್ಯಾಕ? ಚಹಾದಂಗಡ್ಯಾಗ ಕುಂತು ನನ್ನ ತಂಗಿ ಅಳು ಕೇಳಿ ನಾ..." ನಕ್ಕೆ ಎಂಬುದನ್ನು ನುಂಗಿ ಬಾಗಿಲ ಚೌಕಟ್ಟಿಗೆ ಕೈ ಬಡಿದ. "ತೆಗಿ ಮೊದಲ. ಪೊಲೀಸರಿಗೆ ಹೇಳ್ತೀನಿ. ಆ ಮೀಸ್ಯಾನ್ನ ಒದ್ದು ಒಳಗ ಹಾಕಸ್ತೀನಿ."

"ಅಂವ ತಪ್ಪು ಮಾಡಿಲ್ರೀ ಕಾಕಾ."

"ಏನು?"

"ನಾವು ಕೊಟ್ಟ ಲೈಸೆನ್ಸಿನ ಪ್ರಕಾರನ ಮಾಡ್ಯಾನ್ರೀ. ಯಾರು ಬೇಕಾದ್ರೂ ತಗೋಬಹುದು, ಕಡೀಬಹುದು, ಬ್ಯಾರೇದಕ್ಕ ಜೋಡಿಸಬಹುದು, ರೊಕ್ಕಾನೂ ಗಳಿಸಬಹುದು. ಹೆಸರು ಹಾಕಿದ್ರ ಸಾಕು. ಅಂವ ಹೆಸರು ಹಾಕ್ಯಾನ್ರೀ."

ಅಂಬ್ರಪ್ಪ ಕುರ್ಚಿ ಎಳೆದುಕೊಂಡು ಕೂತ. ಹೆಸರು ಹಾಕಿದರೆ ಸಾಕು. ಈ ಮಾತು ಅವನದೇ. ಇದೇ ಕೋಣೆ, ಇದೇ ಕುರ್ಚಿ, ಹೋದ ವರ್ಷದ ಸಭೆ. ಬೆಂಗಳೂರಿನ ಒಂದು ಸಂಸ್ಥೆಯವರು ಬಳಗದ ಎಲ್ಲ ಹಾಡು, ಫೋಟೋ, ವಿಡಿಯೋಗಳನ್ನು ಜಗತ್ತಿಗೆಲ್ಲ ಸಿಗುವಂತೆ ಇಂಟರ್‌ನೆಟ್ಟಿನ ಉಗ್ರಾಣದಲ್ಲಿ ಇಡಲು ಮುಂದೆ ಬಂದಿದ್ದರು. ಯಾವ ಮುಕ್ತ ಪರವಾನಗಿಯ ಮೇಲೆ ಕೊಡುತ್ತೀರಿ ಎಂದು ಬಳಗವೇ ಆರಿಸಬೇಕಿತ್ತು. ನುಜ್ಹತ ಹಲಗೆಯ ಮೇಲೆ ಬರೆದು ಒಂದೊಂದೇ ತಿಳಿಸಿದ್ದಳು. ಹೆಸರು ಹಾಕಬೇಕು ಎಂಬ ಷರತ್ತು ಒಂದು. ವ್ಯಾಪಾರಕ್ಕೆ ಬಳಸಬಾರದು ಎಂಬುದು ಇನ್ನೊಂದು. ಕಡಿಯಬಾರದು, ತಿದ್ದಬಾರದು, ಇದ್ದದ್ದನ್ನು ಇದ್ದಂತೆ ಹಂಚಬೇಕು ಎಂಬುದು ಮತ್ತೊಂದು. ಬೇಕಾದ್ದನ್ನು ಇಟ್ಟುಕೊಳ್ಳಬಹುದು, ಬೇಡವಾದ್ದನ್ನು ಬಿಡಬಹುದು. ಮೇಷ್ಟ್ರುಗಳು, ಕ್ಲಾರ್ಕುಗಳು ಇದ್ದ ಸಭೆ. ಎಲ್ಲರೂ ಗದ್ದ ಸವರುತ್ತ ಕೂತಿದ್ದರು. ಅಂಬ್ರಪ್ಪನಿಗೆ ಅವರ ಗದ್ದ ಸವರುವುದನ್ನು ಕಂಡೇ ಸಿಟ್ಟು ಬಂದಿತ್ತು. ಮೇಜು ಗುದ್ದಿದ್ದ. "ಕಡೀಬಾರದಂತ! ಹಾಡು ಕಡ್ಯಾಕ ಅದೇನು ಕುರಿಯೇನ್ರೀ?" ಎಲ್ಲರೂ ನಕ್ಕಿದ್ದರು. "ಯಾವನೋ ನಾಟಕದ ಕಂಪನಿಯಾಂವ ನಮ್ಮ ಹಾಡು ಹಾಡಿ ನಾಕು ರೊಟ್ಟಿ ಉಂಡ್ರ ನಮ್ಮಪ್ಪನ ಗಂಟೇನು ಹೋಗ್ತದ? ಬಿಡ್ರಿ, ಎಲ್ಲಾ ಬಿಡ್ರಿ. ಹೆಸರು ಒಂದು ಹಾಕಬೇಕು. ಹೆಸರು ಹಾಕಿದ್ರ ಸಾಕು."

ಹೆಸರಿನ ಸಿಟ್ಟು ಹಳೆಯದು. ಅವನು ಶಾಲೆ ಬಿಟ್ಟ ಹೊಸದರಲ್ಲಿ ಪೇಟೆಯಿಂದ ಒಬ್ಬ ಪಂಡಿತರು ಬಂದು, ಅವ್ವನನ್ನು ಕಟ್ಟೆಯ ಮೇಲೆ ಕೂಡಿಸಿ, ದಿನಗಟ್ಟಲೆ ಹಾಡು ಬರೆದುಕೊಂಡು ಹೋಗಿದ್ದರು. ಪುಸ್ತಕ ಬಂದಾಗ ಅವ್ವ ಅದನ್ನು ತಲೆಯ ಮೇಲಿಟ್ಟುಕೊಂಡು ಓಣಿಯೆಲ್ಲ ತಿರುಗಿ, ಕಡೆಗೆ ಅವನ ಮುಂದೆ ಇಟ್ಟು, "ನನ್ನ ಹೆಸರು ಎಲ್ಲದ, ಬೆರಳು ಹಚ್ಚಿ ತೋರಸು" ಎಂದಿದ್ದಳು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹುಡುಕಿದ್ದ. 'ಹಾಡಿದವರು: ಜನಪದರು' ಎಂದಿತ್ತು. "ಜನಪದರು ಅಂದ್ರ ಯಾರೋ? ಯಾವ ಊರಾಕಿ?" ಎಂದು ಅವ್ವ ಕೇಳಿದ್ದಳು. ಆ ಒಂದು ಪ್ರಶ್ನೆಗೆ ಉತ್ತರವಾಗಿಯೇ ಅವನು ಬಳಗ ಕಟ್ಟಿದ್ದು. ಸಭೆಯಲ್ಲಿ ಮೇಜು ಗುದ್ದಿದಾಗ ಆ ಪಂಡಿತರ ಬೆನ್ನನ್ನೇ ಗುದ್ದಿದಷ್ಟು ಸಂತೋಷವಾಗಿತ್ತು. ನುಜ್ಹತ ಮಾತ್ರ ಸಣ್ಣ ದನಿಯಲ್ಲಿ, "ಕಾಕಾ, ಒಮ್ಮೆ ಕೊಟ್ರ ಹೊಳ್ಳಿ ಇಸಗೊಳ್ಳಾಕ ಬರಲ್ರೀ, ವಿಚಾರ ಮಾಡ್ರಿ" ಎಂದಿದ್ದಳು. "ಕೊಟ್ಟದ್ದನ್ನ ಹೊಳ್ಳಿ ಕೇಳೋ ಮನಿತನ ನಮ್ದಲ್ಲ" ಎಂದು ಅವಳ ಬಾಯಿ ಮುಚ್ಚಿಸಿದ್ದ.

"ಈಗ ಏನೂ ಮಾಡಾಕ ಬರಲ್ಲೇನು ಹಂಗಾದ್ರ?"

"ನಮ್ಮ ಪುಟದಿಂದ ತೆಗೀಬಹುದ್ರೀ. ಆದ್ರ ತಗೊಂಡವ್ರು ತಗೊಂಡಾರ. ಅವರ ಹಕ್ಕು ಹೋಗಲ್ರೀ." ನುಜ್ಹತ ಓಢಣಿಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಒಂದು ದಾರಿ ಅದ. ನಾವು ಕೇಳಿದ್ರ ಹೆಸರು ತೆಗೀಬೇಕಂತ ಆ ಲೈಸೆನ್ಸಿನ್ಯಾಗ ಬರದಾರ. ಅಳು ಇರತದ, ಅದು ಮರಿಲಿಂಗಮ್ಮ ಅತ್ತೀದಂತ ಯಾರಿಗೂ ಗೊತ್ತಾಗಲ್ಲ."

"ಇನ್ನೊಂದು?"

ಅವಳು ಓಢಣಿಯನ್ನು ಬೆರಳಿಂದ ಬಿಚ್ಚಿ ಮತ್ತೆ ಸುತ್ತಿದಳು.

"ಇನ್ನೊಂದು ದಾರಿ ಅದ ಅಂತ ನಿನ್ನ ಮಾರಿ ಹೇಳಾಕತ್ತದ. ಬೊಗಳು."

"ಕೊಟ್ಟದ್ದು ನಮ್ಮದಲ್ಲಾಗಿತ್ತು ಅಂತ ಹೇಳಬೇಕ್ರೀ. ಎಲ್ಲಾ ಹಾಡಿಗೂ ಮೊದಲ ಹಾಡಾಕಿ ತನ್ನ ಹೆಸರು, ಊರು ಹೇಳಿ 'ನನ್ನ ಒಪ್ಪಿಗಿ ಅದ' ಅಂತಾಳ. ಇದರಾಗ ಅದಿಲ್ರೀ. ಆವತ್ತ ನಾ ಕೇಳಿದ್ದೆ ನಿಮಗ. 'ನನ್ನ ತಂಗಿ ಅಕಿ, ಅಕಿದು ನಾ ಹೇಳ್ತೀನಿ' ಅಂದ್ರಿ. ಈಗ ಅತ್ತಿ 'ನನ್ನ ಕೇಳಿಲ್ಲ, ನಾ ಒಪ್ಪಿಲ್ಲ' ಅಂತ ಒಂದು ಮಾತು ಅಂದು, ನೀವು ಅದನ್ನ ವಿಡಿಯೋ ಹಿಡಕೊಂಡು ಬಂದ್ರ, ಎಲ್ಲಾ ಕಡಿಂದನೂ ತೆಗಸ್ರೀ ಅಂತ ಬರೀತೀನಿ. ಆಗ ತೆಗೀಬೇಕಾಗ್ತದ."

"ಅಂದ್ರ ನಾ ಕಳ್ಳ ಆದೆ."

"ನಾ ಹಂಗ ಅಂದಿಲ್ರೀ."

"ನೀ ಅನ್ನಬ್ಯಾಡ. ನಾನ ಅನ್ನಾಕತ್ತೀನಲ್ಲ."

"ಉಳದ ಹಾಡು ಇನ್ನೂ ಭಾಳ ಅದಾವ್ರೀ. ಬೆಂಗಳೂರಿನವ್ರು ಅವಕ್ಕ ಯಾವ ಲೈಸೆನ್ಸು ಅಂತ ಕೇಳಾಕತ್ತಾರ. ಇವತ್ತ ಹೇಳ್ರಿ ಕಾಕಾ," ಎಂದು ನುಜ್ಹತ ಕಂಪ್ಯೂಟರಿನ ಕಡೆ ತಿರುಗಿಕೊಂಡಳು. ಅವನು ಎದ್ದು ಬೋನಾಳಕ್ಕೆ ಹೋಗಲು ಮೆಟ್ಟಿಲು ಇಳಿದ.

ಸುರಪುರದ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತ. ಕಾಲುವೆಯ ನೀರು ಬಂದ ಕಡೆ ಭತ್ತ ಹಸಿರಾಗಿತ್ತು, ಬಾರದ ಕಡೆ ಹತ್ತಿಯ ಒಣ ಕಡ್ಡಿಗಳು ನಿಂತಿದ್ದವು. ಯಾರಾದರೂ ಮೊಬೈಲು ತೆಗೆದರೆ ಮುಖವನ್ನು ಕಿಟಕಿಯ ಹೊರಗೆ ತಿರುಗಿಸುತ್ತಿದ್ದ. ಆ ಅಳುವನ್ನು ಹಿಡಿದ ದಿನ, ಸಭೆಗೂ ಮುಂಚೆ, ಅವನು ತಿಂಥಣಿಯಲ್ಲಿದ್ದ. ಮೌನೇಶ್ವರನ ಗುಡಿಯ ಕಟ್ಟೆಯ ಮೇಲೆ ಮುದುಕನೊಬ್ಬನಿಂದ ತತ್ವಪದ ಹಾಡಿಸಿಕೊಳ್ಳುತ್ತಿದ್ದಾಗ ಫೋನು ಬಂದಿತ್ತು. ತಂಗಿಯ ಮಗ ಸುನೀಲಕುಮಾರ, ಕಡೇಚೂರಿನಲ್ಲಿ ಫ್ಯಾಕ್ಟರಿಯ ಕೂಲಿಗಿದ್ದವನು, ಅಮಾಸಿಗೆಂದು ಬೈಕಿನ ಮೇಲೆ ಊರಿಗೆ ಬರುವಾಗ ದಾರಿಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ಹಿಂದಿನಿಂದ ಬಡಿದಿದ್ದ. ಮದುವೆಯಾಗಿರಲಿಲ್ಲ. ಮೀಸೆ ತಿದ್ದುವ ಹುಚ್ಚು. ಊಟಕ್ಕೆ ಕರೆದರೆ 'ಓ' ಎನ್ನುತ್ತಿದ್ದ, ಬರುತ್ತಿರಲಿಲ್ಲ. ಅಂಬ್ರಪ್ಪ ಇದ್ದ ಅಂಗಿಯ ಮೇಲೇ ಬೋನಾಳಕ್ಕೆ ಓಡಿದ್ದ. ರೆಕಾರ್ಡರು ಕಿಸೆಯಲ್ಲೇ ಇತ್ತು. ಹೆಣವನ್ನು ಅಂಗಳದಲ್ಲಿ ಕೂಡಿಸಿದ್ದರು. ಗಂಡಸರು ಹೊರಗೆ ಭಜನೆ ಹಚ್ಚಿದ್ದರು, ಹೆಂಗಸರು ಸುತ್ತ ಕೂತಿದ್ದರು. ಇವನನ್ನು ಕಂಡೊಡನೆ ಮರಿಲಿಂಗಮ್ಮ "ಯಣ್ಣಾ" ಎಂದು ಎತ್ತಿದಳು. ಅವ್ವನ ಏರು. ಅವ್ವನನ್ನೂ ಮೀರಿದ ಏರು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಸುಳ್ಳಲ್ಲ. ಅದೇ ಹೊತ್ತಿಗೆ ಕೈ ಕಿಸೆಯೊಳಗೆ ಹೋಗಿತ್ತು. ಕೈಗೆ ಯಾರೂ ಹೇಳಿರಲಿಲ್ಲ. ಇಂಥದು ಮತ್ತೆ ಸಿಗುವುದಿಲ್ಲ ಎಂದು ತಲೆಯೊಳಗೆ ಯಾರೋ ಅಂದರು, ಯಾರೋ ಅಲ್ಲ, ಬೀಸುಕಲ್ಲು ಬಳಗದ ಅಧ್ಯಕ್ಷರು ಅಂದರು. ಗುಂಡಿ ಒತ್ತಿದ. ಆಗ ತಂಗಿ ಅಳುತ್ತಳುತ್ತಲೇ ಮೈ ತಿರುಗಿಸಿ ಸೀದಾ ಅವನ ಕಡೆ ಮುಖ ಮಾಡಿದಳು. ಕಣ್ಣು ನೆಟ್ಟು ನೋಡಿದಳು. ಆ ನೋಟವನ್ನು ಇಷ್ಟು ದಿನವೂ ಅವನು ಹೊತ್ತುಕೊಂಡೇ ತಿರುಗಿದ್ದ. ಸೋದರಮಾವನಾಗಿ ಹೆಗಲು ಕೊಡಬೇಕಾದವನು ಕಿಸೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದನ್ನು ಕಂಡು ಅವಳು ಶಾಪ ಹಾಕಿದಳೆಂದೇ ತಿಳಿದಿದ್ದ. ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅವರ ಮೊಬೈಲಿನಲ್ಲಿ ರೊಟ್ಟಿ ಆರಿ ಹೋಯಿತು. ಅಂಬ್ರಪ್ಪ ಎದ್ದು ನಿಂತ. ಎದ್ದವನು ಏನು ಹೇಳಬೇಕು? ನೀವು ನಗಬೇಡಿ ಎಂದೇ? "ಎಲ್ಲಿ ಇಳೀತೀರಿ ಮುತ್ಯಾ?" ಎಂದ ಕಂಡಕ್ಟರು. ಮುತ್ಯಾ ಎನ್ನಿಸಿಕೊಳ್ಳುವ ವಯಸ್ಸು ಅವನದಲ್ಲ. ಮತ್ತೆ ಕೂತ.

ಬೋನಾಳದಲ್ಲಿ ಇಳಿದಾಗ ಮಧ್ಯಾಹ್ನ ತಿರುಗಿತ್ತು. ಕೆರೆಯ ಕಡೆಯಿಂದ ಹಕ್ಕಿಗಳ ಗಲಗಲ. ಮರಿಲಿಂಗಮ್ಮ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಹಿಂದಿನ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಪಕ್ಕದಲ್ಲಿ ಮೀಸೆ ತಿದ್ದಿದ ಸುನೀಲ.

"ಬಾ ಯಣ್ಣಾ. ಹೊತ್ತಲ್ಲದ ಹೊತ್ತಿನ್ಯಾಗ ಬಂದಿ, ಯಾರರ ಸತ್ತಾರೇನು?"

"ಯಾರರ ಸತ್ರ ಅಷ್ಟ ಬರಬೇಕೇನು? ನಿನ್ನ ಮಾರಿ ನೋಡಾಕ ಬಂದೀನಿ."

"ನನ್ನ ಮಾರ್ಯಾಗ ಏನೋ ಹತ್ತಿರಬೇಕು ನೋಡು," ಎಂದಳು ಬೇಳೆ ಕೇರುತ್ತ. "ನಲ್ಲಿಗೆ ಹೋದ್ರ ಹುಡುಗ್ಯಾರು ನನ್ನ ನೋಡಿ ಕಿಸಿ ಕಿಸಿ ನಗ್ತಾವ. ಸೀರಿ ಗೀರಿ ಹರದದೇನಂತ ಹಿಂದ ಮುಂದ ತಿರುಗಿ ತಿರುಗಿ ನೋಡ್ಕೊಂಡೆ. ಎಲ್ಲಾ ಬರೋಬ್ಬರಿ ಅದ. ಯಾಕ ನಗ್ತಾವೋ ಏನೋ."

ಅವಳು ತಿರುಗಿ ತಿರುಗಿ ತನ್ನ ಸೀರೆ ನೋಡಿಕೊಂಡದ್ದು ಕಣ್ಣಿಗೆ ಕಟ್ಟಿ, ದುಃಖದ ಬದಲು ಅವನಿಗೆ ಸಿಟ್ಟೇ ಬಂತು. ಅವನಿಗೆ ಯಾವಾಗಲೂ ಅದೊಂದೇ ಕೈಗೆ ಸಿಗುವುದು.

"ಒಂದು ಮಾತು ಅನ್ನಬೇಕು ನೀ. 'ನನ್ನ ಕೇಳಿಲ್ಲ, ನಾ ಒಪ್ಪಿಲ್ಲ' ಅಂತ. ನಾ ಇದರಾಗ ಹಿಡಕೋತೀನಿ. ಅನ್ನು."

"ಯಾತಕ್ಕ ಒಪ್ಪಿಲ್ಲ?"

"ಅನ್ನಂದ್ರ ಅನ್ನಬೇಕು."

"ತಿಳೀಲಾರದ ಹೆಂಗ ಅನ್ಲಿ? ನೀ ಸಣ್ಣಾಂವಿದ್ದಾಗಿಂದ ಹಿಂಗ, ಮೊದಲ ಬಯ್ಯಾದು, ಆಮ್ಯಾಲ ಹೇಳಾದು."

ಹೇಳಿದ. ನಿಂತುಕೊಂಡೇ, ಕಂಬದ ಕಡೆ ನೋಡುತ್ತ ಹೇಳಿದ. ಅಂಗಳದಲ್ಲಿ ಅವಳು ಅತ್ತದ್ದನ್ನು ಹಿಡಿದದ್ದು, ಸಭೆಯಲ್ಲಿ ಮೇಜು ಗುದ್ದಿದ್ದು, ಎಲ್ಲರಿಗೂ ಬಿಟ್ಟದ್ದು, ಈಗ ಯಾವನೋ ಸಿಲಿಂಡರು ಅಪ್ಪಿಕೊಂಡು ಅಳುವುದು. ನಲ್ಲಿಯ ಹುಡುಗಿಯರು ಯಾಕೆ ನಗುತ್ತಾರೆಂಬುದು. ತಾನು ನಕ್ಕದ್ದನ್ನು ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದು, ಆ ಜಾಗದಲ್ಲಿ ಹೆಸರು ತೆಗೆಸಬಹುದು ಎಂಬುದನ್ನು ಹೇಳಿದ. "ನಿನ್ನ ಹೆಸರು ಎಲ್ಲಾ ಕಡೆ ಅದ. ಅದನ್ನರ ತೆಗಸ್ತೀನಿ. ಇಲ್ಲಾ, ಒಪ್ಪಿಲ್ಲ ಅಂತ ನೀ ಅಂದ್ರ, ಆ ಅಳುನ ಎಲ್ಲಾ ಕಡಿಂದ ತೆಗಸ್ತೀನಿ. ಕಳುವು ಮಾಡಿದ್ದೆ ಅಂತ ನಾ ಬರದು ಕೊಡ್ತೀನಿ. ನಡೀತದ."

ಮರಿಲಿಂಗಮ್ಮನ ಬೆರಳು ಬೇಳೆಯೊಳಗಿನ ಒಂದು ಹರಳನ್ನು ಹಿಡಿದು ಹೊರಗೆ ಎಸೆಯಿತು. ಮತ್ತೊಂದನ್ನು ಹುಡುಕಿತು.

"ನೀ ಮಿಷನ್ ಹಚ್ಚಿದ್ದು ನಾ ನೋಡಿದ್ದೆ," ಎಂದಳು.

"ಗೊತ್ತದ. ನೋಡಿದಿ. ಆವತ್ತ ನೀ ನನ್ನ ನೋಡಿದ್ದು..."

"ಕಿಸೆದಾಗ ಕೆಂಪು ದೀಪ ಹತ್ತಿತು. ತೆಳ್ಳನ ಅಂಗಿ, ಕಂಡಿತು. ಅದಕ್ಕ ಇತ್ತಾಗ ಹೊಳ್ಳಿ ಕುಂತೆ. ಆಜೂಬಾಜೂ ಹೆಂಗಸ್ರು ಬಾಯಿ ಮಾಡಾಕತ್ತಿದ್ರು, ಒಬ್ಬಾಕಿಗೆ ಮೊಳಕೈಲೆ ತಿವಿದೆ, ಸುಮ್ಮನಾಗಲಿ ಅಂತ. ದನಿ ಎತ್ತಿದೆ."

ಅಂಬ್ರಪ್ಪ ಕಂಬ ಹಿಡಿದುಕೊಂಡ. ಶಾಪವೆಂದು ಹೊತ್ತು ತಿರುಗಿದ ನೋಟ ಅವನ ಮೈಯಿಂದ ಕೆಳಗೆ ಬಿತ್ತು, ಆದರೆ ಹಗುರಾಗಲಿಲ್ಲ. ಬಿದ್ದ ಜಾಗದಲ್ಲಿ ಇನ್ನೂ ಭಾರವಾದದ್ದೇನೋ ಬಂದು ಕೂತಿತು. ಮಗನ ಹೆಣದ ಮುಂದೆ ಅವಳು ಮಿಷನ್ನಿನ ಕಡೆ ತಿರುಗಿ ಕೂತಿದ್ದಳು. ಅವನನ್ನು ನಂಬಿ.

"ಯಾಕವ್ವಾ?" ಎಂದ. ತಂಗಿಗೆ 'ಅವ್ವಾ' ಎಂದದ್ದು ಅವನಿಗೇ ತಿಳಿಯಲಿಲ್ಲ.

"ಯಾಕಂದ್ರ? ಅವನ ಹೆಸರು ಅದರಾಗ ಕುಂದರಲಿ ಅಂತ. ಮಾರಿ ಏನು, ಫೋಟೋದಾಗ ಅದ. ಹೆಸರು ಹಿಡದು ಕರದಿದ್ದು ಎಲ್ಲಿ ಉಳೀತದ? ಹೇಣ್ತಿಲ್ಲ, ಮಕ್ಕಳಿಲ್ಲ. ನಾ ಸತ್ತ ಮ್ಯಾಲ ಅವನ್ನ ಕರ್ಯಾವ್ರು ಯಾರು? ನೀ ಹಿಡಕೊಂಡಿ. ಊರೂರು ಒಯ್ಯಾಂವ ನೀ. ಒಯ್ಯಲಿ ಅಂದೆ." ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಒಪ್ಪಿಲ್ಲ ಅಂತ ಸುಳ್ಳು ಹೆಂಗ ಹೇಳ್ಲಿ? ಎಲ್ಲಿ, ಹಚ್ಚು ನೋಡೂಣು."

"ಬ್ಯಾಡ."

"ಊರ ಮಂದಿ ನೋಡ್ಯಾರ. ನನಗ ಬ್ಯಾಡೇನು?"

ಅವನ ಬೆರಳಿಗೆ ಅದು ಬೇಗ ಸಿಗಲಿಲ್ಲ, ಕಡೆಗೆ ಸಿಕ್ಕಿತು. ಮೊಬೈಲನ್ನು ಅವಳು ಎರಡೂ ಕೈಯಲ್ಲಿ ಹಿಡಿದು ದೂರ ಮಾಡಿ ನೋಡಿದಳು. ಸೀರೆ ಹೊದ್ದ ಮೀಸೆಯವನು ಬಂದ. ಸಿಲಿಂಡರಿನ ನೆತ್ತಿ ಸವರಿದ. ಉಣ್ಣಾಕ ಕುಂತಾಂವ ಎದ್ದು ಹೋದೆಲ್ಲೋ ನನ್ನಪ್ಪಾ. ಅಂಬ್ರಪ್ಪ ಅವಳ ಮುಖ ನೋಡಲಾರದೆ ಬೇಳೆ ನೋಡಿದ. ಬಡಿಸಿದ ರೊಟ್ಟಿ ಆರಿ ಹೋತಲ್ಲೋ. ಮುತ್ತು ಕೊಡುವ ಹೊತ್ತಿಗೆ ಪಕ್ಕದಲ್ಲಿ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ತಲೆ ಎತ್ತಿದ. ಮರಿಲಿಂಗಮ್ಮ ನಕ್ಕಿದ್ದಳು. ಬೇಳೆಯ ಧೂಳಿನ ಕೈ ಬಾಯಿಗೆ ಅಡ್ಡ ಹೋಗಿತ್ತು. ಅದರ ಹಿಂದಿನಿಂದ ಅವನನ್ನು ನೋಡಿದಳು, ಕದ್ದು ಸಿಕ್ಕವಳಂತೆ.

"ಥೂ, ಏನ್ ಮಾರಿ ಮಾಡ್ತಾನ ಹಡಬಿಟ್ಟಿ," ಎಂದಳು.

"ನಾನೂ ನಕ್ಕೆ," ಎಂದ ಅಂಬ್ರಪ್ಪ. "ನಿನ್ನ ದನಿ ಅಂತ ಗೊತ್ತಾಗೂಕಿಂತ ಮೊದಲ ನಕ್ಕೆ."

ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಮೊಬೈಲನ್ನು ಕಿವಿಯ ಹತ್ತಿರ ತಂದು ಕಾಯುತ್ತಿದ್ದಳು. ಕರದ್ರ ಓ ಅಂತಿದ್ದಿ, ಕರಿತೀನಿ ಓ ಅನ್ನೋ. ಅಲ್ಲಿಗೆ ಮುಗಿದು, ಉಣ್ಣಾಕ ಕುಂತಾಂವ ಎಂದು ಮತ್ತೆ ಮೊದಲಾಯಿತು.

"ಇದೇನು? ಮುಂದಿಂದು?"

"ಇಷ್ಟ ಅದ."

"ಇಷ್ಟ ಅಲ್ಲ. ಓ ಅನ್ನೋ ಅಂದ ಮ್ಯಾಲ ಹೆಸರು ಹಿಡದು ಕರೀತೀನಿ. ಅದನ್ನ ಹಚ್ಚು."

"ಕಡದಾರ ತಂಗಿ."

"ಯಾಕ ಕಡದ್ರು?"

"ಅವ್ರಿಗೆ ಅಷ್ಟ ಸಾಕಾಗಿತ್ತು."

"ನನ್ನ ಹೆಸರು ಬರದಾರಂದಿ?"

"ಬರದಾರ."

"ಅಳಾಕಿ ಹೆಸರು ಬರದಾರ. ಸತ್ತಾಂವಂದು?"

ಮೀಸೆಯವನು ಬರೆದಿರಲಿಲ್ಲ. ಬಳಗದ ಪುಟದಲ್ಲೂ ಇರಲಿಲ್ಲ. ಹಾಡಿದವರು ಮರಿಲಿಂಗಮ್ಮ, ಊರು ಬೋನಾಳ, ಪ್ರಕಾರ ಶೋಕಗೀತೆ. ನುಜ್ಹತಳ ಪಕ್ಕದಲ್ಲಿ ಕೂತು ಅವನೇ ಹೇಳಿ ಟೈಪು ಹೊಡೆಸಿದ್ದ. ಯಾರಿಗಾಗಿ ಅತ್ತದ್ದು ಎಂದು ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಪ್ರಕಾರ ಎಂದು ಬರೆದ ಮೇಲೆ ಇನ್ನೇನು ಬೇಕೆನಿಸಿತ್ತು.

ಅಷ್ಟರಲ್ಲಿ ರೀಲು ನಿಂತು ಮೊಬೈಲು ಬಡಿದುಕೊಳ್ಳತೊಡಗಿತು. ನುಜ್ಹತ. ತಂಗಿಯ ಕೈಯಿಂದ ಅದನ್ನು ತೆಗೆದುಕೊಂಡು ಅಂಗಳಕ್ಕೆ ಇಳಿದ.

"ಕಾಕಾ, ಅತ್ತಿ ಏನಂದ್ರು? ಬೆಂಗಳೂರಿನವ್ರು ಮತ್ತ ಫೋನ್ ಮಾಡಿದ್ರು."

"ಉಳದವಕ್ಕ ಕಡೀಬಾರದು ಅಂತ ಹಾಕು."

"ನೀವ ಬ್ಯಾಡ ಅಂದಿದ್ರಿ..."

"ಅಂದಿದ್ದೆ. ಈಗ ಹಾಕು. ಹೆಸರೂ ಇರಬೇಕು, ಕಡೀಲೂಬಾರದು."

"ಆತ್ರಿ. ಮತ್ತ ಅತ್ತೀದು? ಹೆಸರು ತೆಗಸ್ಲೇನು?"

"ತೆಗಸಬ್ಯಾಡ." ಪಡಸಾಲೆಯ ಕಡೆ ಹೊರಳಿ ನೋಡಿದ. "ಅದರ ಕೆಳಗ ಬರಿ. ಸುನೀಲಕುಮಾರ ಸತ್ತಾಗ ಅವನ ತಾಯಿ ಅತ್ತದ್ದು ಅಂತ."

"ನಮ್ಮ ಪುಟದಾಗ ಬರೀತೀನ್ರೀ ಕಾಕಾ. ಈಗಾಗಲೆ ಒಯ್ದವ್ರು ತಂತಮ್ಮದ್ರಾಗ ಹಾಕ್ತಾರಂತ ಹೇಳಾಕ ಬರಲ್ಲ."

"ಗೊತ್ತಾತು," ಎಂದ. ಫೋನು ಇಟ್ಟ ಮೇಲೆ ಮೊಬೈಲಿನಲ್ಲಿ ಸಿಲಿಂಡರು ಮತ್ತೆ ಬಂದು ನಿಂತಿತು. ಪಡಸಾಲೆಯಿಂದ ಮರಿಲಿಂಗಮ್ಮ ಕೈ ಚಾಚಿದ್ದಳು. ಕೊಡಬಾರದೆಂದು ಅನಿಸಿತು. ಮೊಬೈಲನ್ನು ಕೆರೆಗೆ ಎಸೆದರೂ ಆ ಮೀಸೆಯವನು ಎಲ್ಲೆಲ್ಲೋ ಅಳುತ್ತಲೇ ಇರುತ್ತಾನೆ. ಕೊಟ್ಟ.

ಅವಳು ಅದನ್ನು ಮೊರದ ಅಂಚಿಗೆ ಆನಿಸಿಟ್ಟು, ಬೇಳೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಉಣ್ಣಾಕ ಕುಂತಾಂವ ಎದ್ದು ಹೋದೆಲ್ಲೋ. ಬೆರಳು ಹರಳು ಹುಡುಕುತ್ತಿತ್ತು. ಬಡಿಸಿದ ರೊಟ್ಟಿ ಆರಿ ಹೋತಲ್ಲೋ. ಕರದ್ರ ಓ ಅಂತಿದ್ದಿ, ಕರಿತೀನಿ ಓ ಅನ್ನೋ. ದನಿ ಕಡಿದಲ್ಲಿ, ಮತ್ತೆ ಸುರುವಾಗುವ ಮುಂಚಿನ ಆ ಚೂರು ಬಿಡುವಿನಲ್ಲಿ, ಅವಳು ತಲೆ ಎತ್ತದೆ, ಧಾಟಿ ಇಲ್ಲದೆ, ಬಾಗಿಲ ಹೊರಗಿರುವವನನ್ನು ಊಟಕ್ಕೆ ಕರೆಯುವ ದನಿಯಲ್ಲಿ "ಸುನೀಲಾ" ಎಂದಳು. ರೀಲು ಮೊದಲಿನಿಂದ ಬಂತು. ಕಡಿದಲ್ಲಿ ಮತ್ತೆ "ಸುನೀಲಾ" ಎಂದಳು. ಅಂಬ್ರಪ್ಪ ಅಂಗಳದಲ್ಲಿ ನಿಂತೇ ಇದ್ದ. ಮೂರನೆಯ ಸಲ ಆ ಬಿಡುವು ಬಂದಾಗ, ಅವಳು ಬೇಳೆಯ ಧೂಳಿಗೆ ಸೀನಿದ್ದರಿಂದ ಕರೆ ತಪ್ಪಿತು. ಹೆಸರು ಬೀಳಬೇಕಾದ ಜಾಗ ಖಾಲಿ ಉಳಿದು ರೀಲು ಮುಂದೆ ಹೋಗತೊಡಗಿದಾಗ ಅವನ ಬಾಯಿಂದಲೇ ಅದು ಹೊರಬಿತ್ತು, ಜಾಥಾದ ಗಟ್ಟಿ ಗಂಟಲಿನಲ್ಲಿ, ಓಣಿಗೆಲ್ಲ ಕೇಳುವಂತೆ.